ಕೆರೆಯ ನೀರು ತಿಳಿಯಾದರೆ ಸಾಲದು, ಗೋಡನ್ನೂ ಪರೀಕ್ಷಿಸಬೇಕು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಭಾರಲೋಹ ಮಾಲಿನ್ಯ ಅಳೆಯುವ ಬಗೆ

ಮಂಗಳೂರಿನಿಂದ ಹೊರಟು ಚಾರ್ಮಾಡಿ ಘಾಟಿ ಹತ್ತಿ ತುಮಕೂರು ಸೇರುವ ರಾಷ್ಟ್ರೀಯ ಹೆದ್ದಾರಿ 73, ಅರಸೀಕೆರೆ ದಾಟಿದ ಮೇಲೆ ತಿಪಟೂರನ್ನು ಮುಟ್ಟುತ್ತದೆ. ಕರಾವಳಿಯವರಾದ ನಮಗೆ ತೆಂಗು ಹೊಸದಲ್ಲ. ಆದರೆ ಸಮುದ್ರದಿಂದ ಅಷ್ಟು ದೂರದಲ್ಲಿ, ನಮ್ಮ ಮಳೆಯ ಐದನೇ ಒಂದು ಪಾಲೂ ಬೀಳದ ಬಯಲುಸೀಮೆಯಲ್ಲಿ ರಸ್ತೆಯ ಎರಡೂ ಬದಿ ತೆಂಗಿನ ತೋಟ ಕಂಡಾಗ ಆಶ್ಚರ್ಯವಾಗುತ್ತದೆ. ದೇಶದಾದ್ಯಂತ ಹೆಸರಾದ ತಿಪಟೂರಿನ ಉಂಡೆ ಕೊಬ್ಬರಿ ಬೆಳೆಯುವುದು ಈ ಸೀಮೆಯಲ್ಲಿಯೇ. ತಿಪಟೂರಿನ ಜೊತೆಗೆ ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲೂಕುಗಳ ಬದುಕೂ ತೆಂಗನ್ನೇ ನಂಬಿದೆ.

ಈ ತೋಟಗಳ ಹಿಂದೆ ಕೆರೆಗಳಿವೆ. ಕೆರೆ ತುಂಬಿದರೆ ಸುತ್ತಲಿನ ಬಾವಿ, ಕೊಳವೆಬಾವಿಗಳಿಗೆ ನೀರು. ಕೆರೆ ಬತ್ತಿದರೆ ಅದರ ಅಂಗಳದ ಗೋಡು ತೋಟಕ್ಕೆ ಗೊಬ್ಬರ. ಬೇಸಿಗೆಯಲ್ಲಿ ಟ್ರ್ಯಾಕ್ಟರುಗಳಲ್ಲಿ ಗೋಡು ಹೊಡೆಸಿ ತೆಂಗಿನ ಬುಡಕ್ಕೆ ಹರಡುವುದು ಇಲ್ಲಿನ ರೈತರ ಹಳೆಯ ರೂಢಿ. ಇದು ಒಳ್ಳೆಯ ರೂಢಿಯೂ ಹೌದು. ಕೆರೆಯ ಆಳ ಉಳಿಯುತ್ತದೆ, ತೋಟದ ಮಣ್ಣಿಗೆ ಸಾರ ಸಿಗುತ್ತದೆ.

ಆದರೆ ಒಂದು ಪ್ರಶ್ನೆಯನ್ನು ಕೇಳಲೇಬೇಕು. ಆ ಗೋಡಿನ ಜೊತೆಗೆ ಇನ್ನೇನು ತೋಟಕ್ಕೆ ಬರುತ್ತಿದೆ? ಕೆರೆಗೆ ಹರಿದು ಬಂದ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಮೊದಲಾದ ಲೋಹಗಳು ನೀರಿನಲ್ಲಿ ಬಹಳ ಕಾಲ ಉಳಿಯುವುದಿಲ್ಲ, ಗೋಡಿನಲ್ಲಿ ಕೂರುತ್ತವೆ. ಆದ್ದರಿಂದ ನೀರಿನ ವರದಿ ಚೆನ್ನಾಗಿದ್ದ ಮಾತ್ರಕ್ಕೆ ಗೋಡು ಚೆನ್ನಾಗಿದೆ ಎಂದು ಅರ್ಥವಲ್ಲ. ಇಂಥ ಕೆರೆ ಕೆಟ್ಟಿದೆ ಎಂದು ತೀರ್ಪು ಕೊಡುವುದು ಈ ಲೇಖನದ ಉದ್ದೇಶವಲ್ಲ. ಪರೀಕ್ಷೆ ಹೇಗೆ ನಡೆಯುತ್ತದೆ, ವರದಿಯನ್ನು ಹೇಗೆ ಓದಬೇಕು, ಎಲ್ಲಿ ಎಡವಬಾರದು ಎಂಬುದನ್ನು ಸರಳವಾಗಿ ತಿಳಿಸಲು ಪ್ರಯತ್ನಿಸಿದ್ದೇವೆ. ನಮ್ಮ ಓದುಗರಲ್ಲಿ ಶಾಲೆ, ಸಮಾಜಸೇವಾ ಸಂಸ್ಥೆ, ಸ್ವಸಹಾಯ ಸಂಘಗಳ ಮೂಲಕ ಹಳ್ಳಿಗಳಲ್ಲಿ ಕೆಲಸ ಮಾಡುವವರು ಹಲವರಿದ್ದಾರೆ. ಕೆರೆ ಹೂಳೆತ್ತುವ ಕೆಲಸಕ್ಕೆ ಕೈಜೋಡಿಸುವವರಿಗೆ ಈ ತಿಳುವಳಿಕೆ ಅಗತ್ಯ ಎಂದು ನಾವು ಭಾವಿಸುತ್ತೇವೆ.

ಕೆರೆಯೂ ಜೌಗುಭೂಮಿಯೇ

ಜೌಗುಭೂಮಿ ಎಂದೊಡನೆ ನಮಗೆ ಅಳಿವೆ, ಕಾಂಡ್ಲಾವನ, ಹಿನ್ನೀರು ನೆನಪಾಗುತ್ತವೆ. 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಮನುಷ್ಯ ಕಟ್ಟಿದ ಕೆರೆಗಳೂ ಜೌಗುಭೂಮಿಗಳೇ. 2024ರ ಜನವರಿಯಲ್ಲಿ ಕರ್ನಾಟಕದ ಮೂರು ಹೊಸ ತಾಣಗಳು ರಾಮ್ಸಾರ್ ಪಟ್ಟಿಗೆ ಸೇರಿದವು. ಅವುಗಳಲ್ಲಿ ನಮ್ಮ ಕರಾವಳಿಯ ಅಘನಾಶಿನಿ ಅಳಿವೆಯೊಂದಿಗೆ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಇವೆ. ಇವೆರಡೂ ಕಟ್ಟಿದ ಕೆರೆಗಳೇ.

ಆದರೆ ನಮ್ಮ ದೇಶದ ಕಾನೂನು ಬೇರೆ ಮಾತು ಹೇಳುತ್ತದೆ. 2010ರ ನಿಯಮಗಳ ಬದಲಿಗೆ ಬಂದ 2017ರ ಜೌಗುಭೂಮಿ ಸಂರಕ್ಷಣೆ ಮತ್ತು ನಿರ್ವಹಣಾ ನಿಯಮಗಳು, ಕುಡಿಯುವ ನೀರಿಗಾಗಿ ಅಥವಾ ನೀರಾವರಿಗಾಗಿಯೇ ಕಟ್ಟಿದ ಜಲಾಶಯಗಳನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಬಯಲುಸೀಮೆಯ ಕೆರೆಗಳಲ್ಲಿ ಬಹುಪಾಲು ನೀರಾವರಿಗಾಗಿ ಕಟ್ಟಿದವು. ಹೀಗಾಗಿ ಇವುಗಳ ಗೋಡಿನ ಬಗ್ಗೆ ಊರಿನವರೇ ವಿಚಾರಿಸಬೇಕಾದ ಪರಿಸ್ಥಿತಿ ಇದೆ.

ಭಾರಲೋಹಗಳು ಎಂದರೆ ಯಾವುವು?

ಸೀಸ, ಕ್ಯಾಡ್ಮಿಯಂ, ಪಾದರಸ, ಕ್ರೋಮಿಯಂ, ನಿಕ್ಕಲ್, ತಾಮ್ರ, ಸತು, ಮ್ಯಾಂಗನೀಸ್, ಕಬ್ಬಿಣ - ಇವೆಲ್ಲ ಈ ಗುಂಪಿನಲ್ಲಿ ಬರುತ್ತವೆ. ಆರ್ಸೆನಿಕ್ ಪೂರ್ಣ ಲೋಹವಲ್ಲದಿದ್ದರೂ ಅದರ ವಿಷದ ಕಾರಣದಿಂದ ಇದೇ ಪಟ್ಟಿಗೆ ಸೇರುತ್ತದೆ. ತುಮಕೂರು ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಕಾಣುವ ಫ್ಲೋರೈಡ್ ಭಾರಲೋಹವಲ್ಲ. ಅದರ ಪರೀಕ್ಷೆ ಬೇರೆ, ಪರಿಹಾರ ಬೇರೆ.

ಇವುಗಳಲ್ಲಿ ಎರಡು ಬಗೆ. ಕಬ್ಬಿಣ, ಸತು, ತಾಮ್ರ, ಮ್ಯಾಂಗನೀಸ್ ಸ್ವಲ್ಪ ಪ್ರಮಾಣದಲ್ಲಿ ಗಿಡಕ್ಕೂ ಮನುಷ್ಯನಿಗೂ ಬೇಕೇ ಬೇಕು, ಅತಿಯಾದರೆ ಕೆಡುಕು. ಸೀಸ, ಕ್ಯಾಡ್ಮಿಯಂ, ಪಾದರಸಗಳಿಂದ ನಮ್ಮ ದೇಹಕ್ಕೆ ಯಾವ ಪ್ರಯೋಜನವೂ ಇಲ್ಲ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾರಕ. ಅದಕ್ಕೆ ಸುರಕ್ಷಿತ ಮಟ್ಟ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಸೇರಿಕೊಂಡು ದಶಕಗಳ ಕಾಲ ಉಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ, ಲೋಹ ಕೊಳೆಯುವುದಿಲ್ಲ. ಚರಂಡಿಯ ಕೊಳೆ ಕೆರೆಗೆ ಬಂದರೆ ಕಾಲಕ್ರಮದಲ್ಲಿ ಸೂಕ್ಷ್ಮಜೀವಿಗಳು ಅದನ್ನು ಕರಗಿಸುತ್ತವೆ. ಲೋಹ ಜಾಗ ಬದಲಾಯಿಸುತ್ತದೆ, ರೂಪ ಬದಲಾಯಿಸುತ್ತದೆ, ಇಲ್ಲವಾಗುವುದಿಲ್ಲ. ನೀರು ಕುದಿಸಿದರೂ ಹೋಗುವುದಿಲ್ಲ. ಕುದಿದಷ್ಟೂ ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಪಾಲು ಹೆಚ್ಚುತ್ತದೆ.

ಈ ಸೀಮೆಯಲ್ಲಿ ಲೋಹ ಎಲ್ಲಿಂದ ಬರಬಹುದು?

ಮೊದಲ ಮೂಲ ನೆಲವೇ. ಚಿಕ್ಕನಾಯಕನಹಳ್ಳಿಯ ಬೆಟ್ಟಸಾಲು ಭೂವಿಜ್ಞಾನಿಗಳು ಚಿತ್ರದುರ್ಗ ಪದರಶಿಲಾ ಪಟ್ಟಿ ಎಂದು ಕರೆಯುವ ಬಹು ಹಳೆಯ ಶಿಲಾವಲಯದ ಭಾಗ. ಅದರಲ್ಲಿ ಕಬ್ಬಿಣದ ಅದಿರು, ಮ್ಯಾಂಗನೀಸ್, ಸುಣ್ಣಕಲ್ಲು ಇವೆ. ತಿಪಟೂರು ಮತ್ತು ತುರುವೇಕೆರೆಯ ಆಚೆಗೆ, ಹಾಸನ ಜಿಲ್ಲೆಯಲ್ಲಿ, ನುಗ್ಗೇಹಳ್ಳಿ ಶಿಲಾಪಟ್ಟಿ ಇದೆ. ಅಲ್ಲಿನ ಬೈರಾಪುರ ಕ್ರೋಮೈಟ್ ಗಣಿಗೆ ಹೆಸರಾದ ಊರು. ಇಂತಹ ಕಲ್ಲು ಸವೆದು ಆದ ಮಣ್ಣಿನಲ್ಲಿ ಯಾರೂ ಏನೂ ಸುರಿಯದಿದ್ದರೂ ಕ್ರೋಮಿಯಂ, ನಿಕ್ಕಲ್ ಹೆಚ್ಚೇ ಇರುತ್ತವೆ.

ಎರಡನೆಯದು ಗಣಿಗಾರಿಕೆ. ಬೆಟ್ಟ ಅಗೆದು ಅದಿರು ತೆಗೆದು, ಉಳಿದ ಮಣ್ಣನ್ನು ರಾಶಿ ಹಾಕಿದರೆ ಮಳೆಗಾಲದಲ್ಲಿ ಅದು ಹಳ್ಳ ಸೇರಿ ಕೆರೆಗೆ ಬರುತ್ತದೆ. ಬಳ್ಳಾರಿಯ ಗಣಿಗಳ ಸುದ್ದಿ ಎಲ್ಲರಿಗೂ ಗೊತ್ತು. ಅದೇ ಪ್ರಕರಣದಲ್ಲಿ ತುಮಕೂರು ಜಿಲ್ಲೆಯೂ ಇತ್ತು ಎಂಬುದು ಅಷ್ಟಾಗಿ ತಿಳಿದಿಲ್ಲ. ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರ ವರದಿಗಳು 2008ರ ಡಿಸೆಂಬರ್ ಮತ್ತು 2011ರ ಜುಲೈಯಲ್ಲಿ ಸಲ್ಲಿಕೆಯಾದವು. ನ್ಯಾಯಾಲಯ 2011ರ ಜುಲೈ 29ರಂದು ಬಳ್ಳಾರಿಯಲ್ಲೂ, ಆಗಸ್ಟ್ 26ರಂದು ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲೂ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪು ಮೂರು ಜಿಲ್ಲೆಗಳ 166 ಗುತ್ತಿಗೆಗಳನ್ನು ಎ, ಬಿ, ಸಿ ಎಂಬ ವರ್ಗಗಳಲ್ಲಿ ನೋಡಿ, ಹೆಚ್ಚಿನ ಉಲ್ಲಂಘನೆ ಕಂಡ ಸಿ ವರ್ಗದ 49 ಗುತ್ತಿಗೆಗಳನ್ನು ರದ್ದು ಮಾಡಿತು. ಉಳಿದವು ಷರತ್ತಿನ ಮೇಲೆ ಕೆಲಸ ಆರಂಭಿಸಬಹುದಿತ್ತು. ಮಣ್ಣಿನ ರಾಶಿ ಜಾರದಂತೆ ತಡೆಗೋಡೆ, ಹಳ್ಳಗಳಿಗೆ ತಡೆ ಒಡ್ಡು ಮುಂತಾದವು ಆ ಪುನಶ್ಚೇತನ ಯೋಜನೆಗಳ ಭಾಗ. ಗಣಿಯ ಮಣ್ಣು ಕೆಳಗಿನ ಹೊಲ, ಕೆರೆಗಳಿಗೆ ಇಳಿಯುತ್ತದೆ ಎಂಬುದನ್ನು ಒಪ್ಪಿಕೊಂಡೇ ಈ ಷರತ್ತುಗಳನ್ನು ಹಾಕಲಾಯಿತು.

ಮೂರನೆಯದು ನಮ್ಮ ದಿನನಿತ್ಯದ ಬಳಕೆ. ರಂಜಕದ ಗೊಬ್ಬರಗಳಲ್ಲಿ ಕ್ಯಾಡ್ಮಿಯಂ ಅಂಶ ಇರುತ್ತದೆ. ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತು ಎಂದರೆ ತಾಮ್ರ. ಅಡಿಕೆ ತೋಟವಿರುವ ನಮ್ಮ ಕರಾವಳಿಯ ಮಂದಿಗೆ ಇದು ಚೆನ್ನಾಗಿ ಗೊತ್ತು. ಹಳೆಯ ಬ್ಯಾಟರಿ ಒಡೆಯುವ ಜಾಗ, ವಾಹನ ದುರಸ್ತಿಯ ಅಂಗಡಿ, ಪಟ್ಟಣದ ಚರಂಡಿ, ಬಣ್ಣ ಬಳಿದ ವಸ್ತುಗಳ ವಿಸರ್ಜನೆ - ಇವೆಲ್ಲ ಸೀಸ, ಸತು, ಕ್ರೋಮಿಯಂಗಳ ದಾರಿಗಳು. ಸೀಸ ಬೆರೆತ ಪೆಟ್ರೋಲು ದೇಶದಲ್ಲಿ 2000ದಲ್ಲಿ ನಿಂತಿತು. ಆದರೆ ಅದಕ್ಕೂ ಮೊದಲು ರಸ್ತೆ ಬದಿಯ ಮಣ್ಣಿಗೆ ಬಿದ್ದ ಸೀಸ ಅಲ್ಲಿಯೇ ಇದೆ, ಇಲ್ಲವೇ ಮಳೆನೀರಿನೊಂದಿಗೆ ತಗ್ಗಿನ ಕೆರೆ ಸೇರಿದೆ.

ಗೋಡಿನಲ್ಲಿ ಲೋಹ ಏಕೆ ಕೂರುತ್ತದೆ?

ನೀರಿಗೆ ಬಂದ ಲೋಹದ ಕಣ ಜೇಡಿಯ ನಯವಾದ ಕಣಗಳಿಗೆ, ಕೊಳೆತ ಎಲೆ ಕಸದ ಅಂಶಕ್ಕೆ, ಕಬ್ಬಿಣ ಮತ್ತು ಮ್ಯಾಂಗನೀಸಿನ ತುಕ್ಕಿಗೆ ಅಂಟಿಕೊಳ್ಳುತ್ತದೆ. ಹರಿವ ನೀರು ಕೆರೆಯಲ್ಲಿ ನಿಂತಾಗ ಈ ಕಣಗಳು ತಳ ಸೇರುತ್ತವೆ. ವರ್ಷದಿಂದ ವರ್ಷಕ್ಕೆ ಪದರದ ಮೇಲೆ ಪದರ. ನೀರಿನಲ್ಲಿ ಲೀಟರಿಗೆ ಮಿಲಿಗ್ರಾಮಿನ ನೂರರ ಒಂದು ಪಾಲಿನ ಲೆಕ್ಕದಲ್ಲಿರುವ ಲೋಹ, ಗೋಡಿನಲ್ಲಿ ಕಿಲೋಗೆ ಹತ್ತಾರು ಮಿಲಿಗ್ರಾಂ ಆಗುವುದು ಹೀಗೆ. ನೀರಿನ ಪರೀಕ್ಷೆ ಆ ದಿನದ ಸ್ಥಿತಿಯನ್ನು ತಿಳಿಸುತ್ತದೆ, ಗೋಡಿನ ಪರೀಕ್ಷೆ ಹಲವು ವರ್ಷಗಳ ಲೆಕ್ಕ ಕೊಡುತ್ತದೆ.

ಕೂತದ್ದು ಕೂತೇ ಇರುತ್ತದೆ ಎಂದೂ ಇಲ್ಲ. ಕೆರೆ ತುಂಬಿ ತಳದಲ್ಲಿ ಆಮ್ಲಜನಕ ಮುಗಿದಾಗ ಕಬ್ಬಿಣ, ಮ್ಯಾಂಗನೀಸಿನ ತುಕ್ಕು ಕರಗುತ್ತದೆ. ಅದಕ್ಕೆ ಅಂಟಿದ್ದ ಇತರ ಲೋಹಗಳೂ ನೀರಿಗೆ ಬಿಡುಗಡೆಯಾಗುತ್ತವೆ. ಅದೇ ಕೆರೆ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ, ಗಂಧಕದೊಂದಿಗೆ ಕೂಡಿದ್ದ ಲೋಹಗಳು ಗಾಳಿ ತಾಗಿ ಸಡಿಲವಾಗುತ್ತವೆ. ಮಣ್ಣು ಹುಳಿಯಾದಷ್ಟೂ ಲೋಹ ಸಡಿಲ. ತುಂಬುವುದು, ಒಣಗುವುದು ಎರಡನ್ನೂ ಕಾಣುವ ಬಯಲುಸೀಮೆಯ ಕೆರೆಗಳಲ್ಲಿ ಒಂದೇ ಸಲದ ಪರೀಕ್ಷೆಯಿಂದ ಪೂರ್ತಿ ಚಿತ್ರ ಸಿಗುವುದಿಲ್ಲ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಪರೀಕ್ಷಿಸುವುದು ಕ್ರಮ.

ಮಾದರಿ ತೆಗೆಯುವ ಕ್ರಮ

ಪ್ರಯೋಗಾಲಯ ಎಷ್ಟೇ ಒಳ್ಳೆಯದಿರಲಿ, ಮಾದರಿ ಸರಿ ಇಲ್ಲದಿದ್ದರೆ ವರದಿ ಸರಿ ಇರುವುದಿಲ್ಲ. ಆದ್ದರಿಂದ ಈ ಭಾಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ.

1. ಜಾಗ: ಒಂದೇ ಕಡೆಯ ಒಂದು ಹಿಡಿ ಮಣ್ಣು ಸಾಲದು. ಹಳ್ಳ ಕೆರೆಗೆ ಸೇರುವ ಬಾಯಿ, ಕೆರೆಯ ನಡುವಿನ ಅಂಗಳ, ಏರಿಯ ಬಳಿಯ ಆಳದ ಜಾಗ, ತೂಬಿನ ಹತ್ತಿರ, ಚರಂಡಿ ಬಂದು ಸೇರುವ ಕಡೆ - ಹೀಗೆ ಹಲವು ಕಡೆಯಿಂದ ಬೇರೆ ಬೇರೆಯಾಗಿ ತೆಗೆಯಬೇಕು. ನಯವಾದ ಜೇಡಿ ಹೆಚ್ಚಾಗಿ ನಿಲ್ಲುವುದು ಏರಿಯ ಬಳಿ. ಲೋಹವೂ ಅಲ್ಲಿಯೇ ಹೆಚ್ಚು ಸಿಗುವ ಸಂಭವ.

2. ಕೆರೆಗಳ ಸರಣಿ: ಮೇಲಿನ ಕೆರೆಯ ಕೋಡಿ ಹರಿದು ಕೆಳಗಿನ ಕೆರೆ ತುಂಬುವುದು ಇಲ್ಲಿನ ಪದ್ಧತಿ. ಸಾಲಿನ ಎಲ್ಲ ಕೆರೆಗಳಿಂದಲೂ ಮಾದರಿ ತೆಗೆದರೆ ಲೋಹ ಎಲ್ಲಿ ಸೇರಿಕೊಳ್ಳುತ್ತಿದೆ ಎಂಬುದು ತಿಳಿಯುತ್ತದೆ. ಹೇಮಾವತಿ ನಾಲೆಯಿಂದ ನೀರು ಬರುವ ಕೆರೆಗಳಲ್ಲಿ ನಾಲೆಯ ನೀರು ಸೇರುವ ಜಾಗವನ್ನೂ ಬಿಡಬಾರದು.

3. ಆಳ: ಮೇಲಿನ 5 ಸೆಂಟಿಮೀಟರ್ ಇತ್ತೀಚಿನ ವರ್ಷಗಳದ್ದು. ಕೊಳವೆ ಇಳಿಸಿ ಕೆಳಗಿನ ಪದರ ತೆಗೆದರೆ ಹಳೆಯ ಕಾಲದ್ದು. ಆದರೆ ಹಿಂದೆ ಹೂಳೆತ್ತಿದ ಕೆರೆಯಲ್ಲಿ ಪದರಗಳು ಕಲೆತಿರುತ್ತವೆ. ಯಾವ ವರ್ಷ, ಯಾವ ಭಾಗದಲ್ಲಿ ಗೋಡು ತೆಗೆದರು ಎಂದು ಊರಿನ ಹಿರಿಯರನ್ನು ಕೇಳಿ ಬರೆದುಕೊಳ್ಳಬೇಕು.

4. ಸಲಕರಣೆ: ಕಬ್ಬಿಣದ ಸನಿಕೆ, ತಗಡಿನ ಡಬ್ಬ ಬಳಸಬಾರದು. ಪ್ಲಾಸ್ಟಿಕ್ ಚಮಚ, ಹೊಸ ಪಾಲಿಥೀನ್ ಚೀಲ ಸಾಕು. ನೀರಿನ ಬಾಟಲಿಗಳನ್ನು ಪ್ರಯೋಗಾಲಯದವರೇ ಆಮ್ಲದಲ್ಲಿ ತೊಳೆದು ಕೊಡುತ್ತಾರೆ. ಕರಗಿದ ಲೋಹ ಎಷ್ಟು ಎಂದು ತಿಳಿಯಲು ನೀರನ್ನು 0.45 ಮೈಕ್ರಾನ್ ಸೋಸುಕಾಗದದಲ್ಲಿ ಸೋಸಿ, ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕಡಿಮೆ ಮಾಡಬೇಕು. ಇಲ್ಲವಾದರೆ ಲೋಹ ಬಾಟಲಿಯ ಗೋಡೆಗೇ ಅಂಟಿಕೊಂಡು ವರದಿಯಲ್ಲಿ ಕಡಿಮೆ ಬರುತ್ತದೆ.

5. ಹೋಲಿಕೆಯ ಮಾದರಿ: ಗಣಿ, ರಸ್ತೆ, ಚರಂಡಿ ಯಾವುದೂ ಮುಟ್ಟದ, ಆದರೆ ಅದೇ ಬಗೆಯ ಕಲ್ಲು ಮಣ್ಣಿನ ಜಾಗದಿಂದಲೂ ಮಾದರಿ ಬೇಕು. ಇದನ್ನು ಹಿನ್ನೆಲೆ ಮಟ್ಟ ಎನ್ನುತ್ತಾರೆ. ಇದು ಎಷ್ಟು ಮುಖ್ಯ ಎಂಬುದು ಮುಂದೆ ಗೊತ್ತಾಗುತ್ತದೆ.

ಪ್ರಯೋಗಾಲಯದಲ್ಲಿ ಗೋಡನ್ನು ಒಣಗಿಸಿ, 63 ಮೈಕ್ರಾನ್ ಜರಡಿಯಲ್ಲಿ ಜರಡಿ ಹಿಡಿದು, ಬಲವಾದ ಆಮ್ಲದಲ್ಲಿ ಕರಗಿಸಿ ಅಳೆಯುತ್ತಾರೆ. ನಯವಾದ ಕಣಗಳನ್ನೇ ಅಳೆಯುವುದರಿಂದ ಮರಳು ಹೆಚ್ಚಿರುವ ಕೆರೆಗೂ ಜೇಡಿ ಹೆಚ್ಚಿರುವ ಕೆರೆಗೂ ನ್ಯಾಯವಾದ ಹೋಲಿಕೆ ಸಾಧ್ಯ. ವರದಿ ಕೊಡುವವರು ಖಾಲಿ ಮಾದರಿ, ಜೋಡಿ ಮಾದರಿ ಮತ್ತು ಪ್ರಮಾಣೀಕೃತ ಮಾದರಿಯನ್ನೂ ಜೊತೆಗೆ ಅಳೆದಿದ್ದಾರೆಯೇ ಎಂದು ಕೇಳುವುದು ನಮ್ಮ ಹಕ್ಕು.

ನೀರಿನ ವರದಿ ಓದುವುದು

ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಎಂಬ ಮಾನದಂಡವಿದೆ. 2012ರ ಆವೃತ್ತಿ ಮತ್ತು ಅದರ ತಿದ್ದುಪಡಿಗಳಂತೆ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಮಿತಿ ಹೀಗಿದೆ:

ಪಾದರಸ - 0.001
ಕ್ಯಾಡ್ಮಿಯಂ - 0.003
ಸೀಸ - 0.01
ಆರ್ಸೆನಿಕ್ - 0.01
ನಿಕ್ಕಲ್ - 0.02
ಒಟ್ಟು ಕ್ರೋಮಿಯಂ - 0.05
ಮ್ಯಾಂಗನೀಸ್ - 0.1 (ಬೇರೆ ನೀರಿನ ಮೂಲ ಇಲ್ಲದಿದ್ದರೆ 0.3)
ಕಬ್ಬಿಣ - 1.0

ಈ ಮಿತಿ ಕುಡಿಯುವ ನೀರಿಗೆ ಎಂಬುದನ್ನು ಮರೆಯಬಾರದು. ಕೆರೆಯ ನೀರು ತೋಟಕ್ಕೆ, ದನಕರುಗಳಿಗೆ, ಮೀನಿಗೆ ಹೋಗುತ್ತದೆ. ಅವುಗಳ ಲೆಕ್ಕ ಬೇರೆ. ವರದಿಯಲ್ಲಿ 'ಪತ್ತೆಯಾಗಿಲ್ಲ' ಎಂದಿದ್ದರೆ ಉಪಕರಣ ಎಷ್ಟು ಸಣ್ಣ ಪ್ರಮಾಣದವರೆಗೆ ಗುರುತಿಸಬಲ್ಲದು ಎಂದು ಕೇಳಬೇಕು. 0.05ಕ್ಕಿಂತ ಕಡಿಮೆ ಇರುವುದನ್ನು ಗುರುತಿಸಲಾಗದ ಉಪಕರಣ ಸೀಸ ಇಲ್ಲ ಎಂದರೆ ಆ ಮಾತಿಗೆ ಅರ್ಥವಿಲ್ಲ.

ಗೋಡಿನ ವರದಿ ಓದುವುದು

ಗೋಡಿಗೆ ನೀರಿನಂತೆ ಒಂದೇ ನೇರ ಮಿತಿ ಇಲ್ಲ. ಆದ್ದರಿಂದ ಕೆಲವು ಲೆಕ್ಕಗಳನ್ನು ಬಳಸುತ್ತಾರೆ. ಕೆಳಗೆ ಉದಾಹರಣೆಗೆ ಕೊಟ್ಟ ಅಂಕಿಗಳು ಲೆಕ್ಕ ತೋರಿಸಲು ಮಾತ್ರ, ಯಾವ ಕೆರೆಯವೂ ಅಲ್ಲ.

ಎಷ್ಟು ಪಟ್ಟು: ಗೋಡಿನ ಪ್ರಮಾಣವನ್ನು ಹಿನ್ನೆಲೆ ಪ್ರಮಾಣದಿಂದ ಭಾಗಿಸಿದರೆ ಬರುವುದು ಮಾಲಿನ್ಯ ಅಂಶ. ಹಿನ್ನೆಲೆಯಲ್ಲಿ ಸೀಸ ಕಿಲೋಗೆ 20 ಮಿಲಿಗ್ರಾಂ, ಕೆರೆಯಲ್ಲಿ 120 ಇದ್ದರೆ 6 ಪಟ್ಟು.

ಭೂಸಂಚಯ ಸೂಚ್ಯಂಕ: ಜರ್ಮನಿಯ ಮ್ಯೂಲರ್ 1969ರಲ್ಲಿ ಕೊಟ್ಟದ್ದು. ಕಲ್ಲಿನಲ್ಲಿ ಸಹಜವಾಗಿ ಇರುವ ಏರಿಳಿತಕ್ಕೆ ಅವಕಾಶ ಕೊಟ್ಟು ಹಿನ್ನೆಲೆಯನ್ನು ಒಂದೂವರೆ ಪಟ್ಟು ಮಾಡಿಕೊಳ್ಳುತ್ತಾರೆ. ಮೇಲಿನ ಉದಾಹರಣೆಯಲ್ಲಿ 20ರ ಒಂದೂವರೆ ಪಟ್ಟು 30. 120ನ್ನು 30ರಿಂದ ಭಾಗಿಸಿದರೆ 4. ಎರಡನ್ನು ಎರಡು ಸಲ ಗುಣಿಸಿದರೆ 4 ಆದ್ದರಿಂದ ಸೂಚ್ಯಂಕ 2. ಸೊನ್ನೆ ಅಥವಾ ಅದಕ್ಕಿಂತ ಕಡಿಮೆಯಾದರೆ ಮಾಲಿನ್ಯವಿಲ್ಲ, 1ರಿಂದ 2 ಮಧ್ಯಮ, 3ರ ಮೇಲೆ ತೀವ್ರ, 5 ದಾಟಿದರೆ ಅತಿ ತೀವ್ರ.

ಒಟ್ಟು ಹೊರೆ: ಎಲ್ಲ ಲೋಹಗಳ ಮಾಲಿನ್ಯ ಅಂಶಗಳನ್ನು ಗುಣಿಸಿ, ಎಷ್ಟು ಲೋಹಗಳಿವೆಯೋ ಅಷ್ಟನೇ ಮೂಲ ತೆಗೆಯುವುದು. 1980ರಲ್ಲಿ ಟಾಮ್ಲಿನ್ಸನ್ ಮತ್ತು ಸಂಗಡಿಗರು ಇದನ್ನು ಪರಿಚಯಿಸಿದರು. ನಾಲ್ಕು ಲೋಹಗಳ ಅಂಶ 1, 1, 2, 8 ಎಂದಿದ್ದರೆ ಗುಣಲಬ್ಧ 16, ನಾಲ್ಕನೇ ಮೂಲ 2. ಒಂದಕ್ಕಿಂತ ಹೆಚ್ಚಾದರೆ ಮಾಲಿನ್ಯವಿದೆ ಎಂದರ್ಥ. ಆದರೆ 8 ಪಟ್ಟು ಇರುವ ಲೋಹ 2 ಎಂಬ ಅಂಕಿಯ ಹಿಂದೆ ಅಡಗಿ ಕೂತಿರುವುದನ್ನು ಗಮನಿಸಿ. ಒಟ್ಟು ಅಂಕಿ ಒಂದನ್ನೇ ನೋಡಿ ಸಮಾಧಾನ ಪಡಬಾರದು.

ವಿಷದ ತೂಕ: ಎಲ್ಲ ಲೋಹಗಳೂ ಸಮಾನ ಅಪಾಯಕಾರಿ ಅಲ್ಲ. ಸ್ವೀಡನ್ನಿನ ಹೋಕನ್‌ಸನ್ 1980ರಲ್ಲಿ ಪಾದರಸಕ್ಕೆ 40, ಕ್ಯಾಡ್ಮಿಯಂಗೆ 30, ಆರ್ಸೆನಿಕ್‌ಗೆ 10, ಸೀಸ ಮತ್ತು ತಾಮ್ರಕ್ಕೆ 5, ಕ್ರೋಮಿಯಂಗೆ 2, ಸತುವಿಗೆ 1 ಎಂದು ತೂಕ ಕೊಟ್ಟರು. ಸತು ಹಿನ್ನೆಲೆಯ ಎರಡು ಪಟ್ಟಾದರೆ ಅಂಕ 2. ಕ್ಯಾಡ್ಮಿಯಂ ಎರಡು ಪಟ್ಟಾದರೆ 60. 40 ದಾಟಿದರೆ ಎಚ್ಚರಿಕೆ ಬೇಕು.

ಜೀವಿಗಳಿಗೆ ಹಾನಿಯ ಮಟ್ಟ: ಉತ್ತರ ಅಮೆರಿಕದ ಸಿಹಿನೀರಿನ ಕೆರೆ ನದಿಗಳ ತಳದಲ್ಲಿ ಬದುಕುವ ಹುಳುಗಳ ಮೇಲಿನ ಪರಿಣಾಮ ನೋಡಿ ಮೆಕ್‌ಡೊನಾಲ್ಡ್ ಮತ್ತು ಸಂಗಡಿಗರು 2000ದಲ್ಲಿ ಎರಡು ಮಟ್ಟ ಗುರುತಿಸಿದರು. ಕೆಳಗಿನ ಮಟ್ಟದವರೆಗೆ ಹಾನಿ ಕಡಿಮೆ, ಮೇಲಿನದನ್ನು ದಾಟಿದರೆ ಹಾನಿಯ ಸಂಭವ ಹೆಚ್ಚು. ಕಿಲೋಗೆ ಮಿಲಿಗ್ರಾಂ ಲೆಕ್ಕದಲ್ಲಿ ಸೀಸಕ್ಕೆ 35.8 ಮತ್ತು 128, ಕ್ಯಾಡ್ಮಿಯಂಗೆ 0.99 ಮತ್ತು 4.98, ಕ್ರೋಮಿಯಂಗೆ 43.4 ಮತ್ತು 111, ನಿಕ್ಕಲ್‌ಗೆ 22.7 ಮತ್ತು 48.6.

ಎಡವುವುದು ಇಲ್ಲಿಯೇ. ಕ್ರೋಮಿಯಂ ಇರುವ ಕಲ್ಲಿನ ಸೀಮೆಯಲ್ಲಿ ಹಿನ್ನೆಲೆ ಮಟ್ಟವೇ 150 ಇದೆ ಎಂದುಕೊಳ್ಳೋಣ. ಕೆರೆಯ ಗೋಡಿನಲ್ಲಿ 160 ಸಿಕ್ಕರೆ ಅಮೆರಿಕದ 111ರ ಮಿತಿ ದಾಟಿತು ಎಂದು ಗಾಬರಿಯಾಗಬಹುದು. ನಿಜದಲ್ಲಿ ಅದು ಆ ನೆಲದ ಸಹಜ ಗುಣ. ಅದೇ ಕೆರೆಯಲ್ಲಿ ಸೀಸ 60 ಇದ್ದು ಹಿನ್ನೆಲೆ 15 ಆಗಿದ್ದರೆ, ಅಂಕಿ ಚಿಕ್ಕದಾದರೂ ಅದು 4 ಪಟ್ಟು. ಅದು ಎಲ್ಲಿಂದಲೋ ಬಂದದ್ದು. ಪರಊರಿನ ಹಿನ್ನೆಲೆಯನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ ತಪ್ಪಿಲ್ಲದವರ ಮೇಲೆ ದೂರು ಹೋಗಬಹುದು, ಇಲ್ಲವೇ ನಿಜವಾದ ಮೂಲ ತಪ್ಪಿಸಿಕೊಳ್ಳಬಹುದು. ಅದಕ್ಕಾಗಿಯೇ ಸ್ಥಳೀಯ ಹೋಲಿಕೆಯ ಮಾದರಿ ಬೇಕು ಎಂದು ಮೊದಲೇ ಹೇಳಿದೆವು.

ಗೋಡು ತೋಟಕ್ಕೆ ಬಂದ ಮೇಲೆ

ಗೋಡಿನಲ್ಲಿ ಇದ್ದುದೆಲ್ಲ ಗಿಡಕ್ಕೆ ಏರುವುದಿಲ್ಲ. ಕಲ್ಲಿನ ಕಣದೊಳಗೇ ಬಂಧಿಯಾಗಿರುವ ಕ್ರೋಮಿಯಂ ಬೇರಿಗೆ ಸಿಗುವುದು ತೀರಾ ಕಡಿಮೆ. ಚರಂಡಿ, ಬಣ್ಣ, ಗೊಬ್ಬರದ ಮೂಲಕ ಬಂದು ಸಡಿಲವಾಗಿ ಅಂಟಿಕೊಂಡಿರುವ ಕ್ಯಾಡ್ಮಿಯಂ ಸುಲಭವಾಗಿ ಸಿಗುತ್ತದೆ. ಆದ್ದರಿಂದ ಒಟ್ಟು ಪ್ರಮಾಣದ ಜೊತೆಗೆ ಗಿಡಕ್ಕೆ ದೊರೆಯುವ ಪ್ರಮಾಣವನ್ನೂ ಅಳೆಸುವುದು ಒಳ್ಳೆಯದು.

ಬೆಳೆಯಿಂದ ಬೆಳೆಗೂ ವ್ಯತ್ಯಾಸವಿದೆ. ಸಾಮಾನ್ಯವಾಗಿ ಸೊಪ್ಪು ಮತ್ತು ಗೆಡ್ಡೆಗಳಲ್ಲಿ ಲೋಹ ಹೆಚ್ಚು ಸೇರುತ್ತದೆ, ಕಾಯಿ ಬೀಜಗಳಿಗೆ ಕಡಿಮೆ ತಲುಪುತ್ತದೆ. ಹಾಗಾಗಿ ತೆಂಗಿನಕಾಯಿಗಿಂತ ಮೊದಲು ನೋಡಬೇಕಾದದ್ದು ತೆಂಗಿನ ಸಾಲುಗಳ ನಡುವೆ ಬೆಳೆಯುವ ಸೊಪ್ಪು ತರಕಾರಿ, ಹಸುವಿಗೆ ಹಾಕುವ ಮೇವು, ಕೆರೆಯ ಮೀನು. ಗೋಡಿನ ರಾಶಿಯ ಮೇಲೆ ಆಡುವ ಮಕ್ಕಳ ಕೈ ಬಾಯಿಗೆ ಹೋಗುವುದೂ ಒಂದು ದಾರಿ.

ನೀರು ಮತ್ತು ಗೋಡಿನ ಮೂಲಕ ಲೋಹ ಊಟದ ತಟ್ಟೆಗೆ ಬಂದ ಉದಾಹರಣೆ ನಮ್ಮ ರಾಜ್ಯದಲ್ಲಿಯೇ ಇದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೀರು ಹಾಯಿಸಿದ ಮಣ್ಣು ಮತ್ತು ಬೆಳೆಗಳನ್ನು ಎಚ್. ಲೋಕೇಶ್ವರಿ ಮತ್ತು ಜಿ.ಟಿ. ಚಂದ್ರಪ್ಪ ಪರೀಕ್ಷಿಸಿ 2006ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಕ್ಕಿ ಮತ್ತು ತರಕಾರಿಯಲ್ಲಿ ಕೆಲವು ಲೋಹಗಳು ಭಾರತೀಯ ಮಿತಿಯನ್ನು ಮೀರಿದ್ದವು. 2018ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಅದೇ ಕೆರೆಯ ಗೋಡಿನಲ್ಲೂ ಜಲಸಸ್ಯಗಳಲ್ಲೂ ಸೇರಿರುವ ಲೋಹಗಳ ಅಧ್ಯಯನ ಪ್ರಕಟಿಸಿದರು. ಜಪಾನಿನ ಟೊಯಾಮಾ ಪ್ರಾಂತ್ಯದಲ್ಲಿ ಕಾಮಿಯೋಕಾ ಗಣಿಯ ಕ್ಯಾಡ್ಮಿಯಂ ಜಿಂಜು ನದಿಯ ಮೂಲಕ ಗದ್ದೆಗೆ ಬಂದು, ಅಕ್ಕಿ ತಿಂದವರ ಮೂಳೆಗಳು ಮೆತ್ತಗಾಗಿ ಮುರಿಯತೊಡಗಿದವು. ನೋವಿನ ಕೂಗೇ ಆ ರೋಗಕ್ಕೆ ಹೆಸರಾಯಿತು, 'ಇತಾಯಿ-ಇತಾಯಿ'. ಅದಕ್ಕೆ ಗಣಿಯ ಕ್ಯಾಡ್ಮಿಯಂ ಕಾರಣ ಎಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ಅಷ್ಟರಲ್ಲಿ ಕಾಯಿಲೆ ಕಾಣಿಸಿಕೊಂಡು ದಶಕಗಳೇ ಕಳೆದಿದ್ದವು. ತಿಪಟೂರು ಸೀಮೆಯಲ್ಲಿ ಹೀಗಾಗಿದೆ ಎಂದು ನಾವು ಹೇಳುತ್ತಿಲ್ಲ. ಪರೀಕ್ಷೆ ಕಾಯಿಲೆಗಿಂತ ಮೊದಲು ಬರಬೇಕು ಎಂಬುದಷ್ಟೇ ಇದರ ಪಾಠ.

ಹೂಳೆತ್ತುವ ಮುನ್ನ

ಕೆರೆ ಹೂಳೆತ್ತುವ ಕೆಲಸ ಇಂದು ಹೆಚ್ಚಾಗಿದೆ. 2002ರಲ್ಲಿ ಆರಂಭವಾದ ವಿಶ್ವಬ್ಯಾಂಕ್ ನೆರವಿನ ಜಲಸಂವರ್ಧನೆ ಯೋಜನೆಯಲ್ಲಿ ತುಮಕೂರು ಜಿಲ್ಲೆಯೂ ಇತ್ತು. 2022ರಲ್ಲಿ ಕೇಂದ್ರ ಸರ್ಕಾರ ಅಮೃತ ಸರೋವರ ಯೋಜನೆ ಪ್ರಾರಂಭಿಸಿತು. ಸಂಘ ಸಂಸ್ಥೆಗಳೂ ಮುಂದೆ ಬಂದಿವೆ. ಇದನ್ನು ನಿಲ್ಲಿಸಬೇಕು ಎಂಬುದು ನಮ್ಮ ಮಾತಲ್ಲ. ಜೆಸಿಬಿ ಇಳಿಸುವ ಮೊದಲು ಒಂದು ತಿಂಗಳ ಸಮಯ ಪರೀಕ್ಷೆಗೆ ಕೊಡಿ ಎನ್ನುತ್ತೇವೆ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಸರಿಪಡಿಸಬೇಕು. 2015ರಲ್ಲಿ ಬಂದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಪಿಎಚ್, ಲವಣಾಂಶ, ಸಾವಯವ ಇಂಗಾಲ. ಇಲ್ಲಿ ಸತು, ತಾಮ್ರ ನೋಡುವುದು ಕೊರತೆ ಇದೆಯೇ ಎಂದು. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಆ ಪಟ್ಟಿಯಲ್ಲಿಯೇ ಇಲ್ಲ. ಆದ್ದರಿಂದ ಮಣ್ಣು ಪರೀಕ್ಷೆ ಮಾಡಿಸಿದ್ದೇವೆ ಎಂದರೆ ಭಾರಲೋಹ ಪರೀಕ್ಷೆ ಆಯಿತು ಎಂದಲ್ಲ. ಅದನ್ನು ಹೆಸರು ಹೇಳಿ ಕೇಳಬೇಕು. ತಿಪಟೂರು ಬಳಿಯ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ, ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ - ಇಲ್ಲಿ ವಿಚಾರಿಸಿದರೆ ಮಾದರಿ ತೆಗೆಯುವ ಕ್ರಮ ಮತ್ತು ಪರೀಕ್ಷೆಯ ದಾರಿ ತಿಳಿಯಬಹುದು.

ಹೋಲಿಕೆಗೆ ಇನ್ನೊಂದು ಅಳತೆಯೂ ಇದೆ. ಮಾರಾಟ ಮಾಡುವ ನಗರ ಕಾಂಪೋಸ್ಟಿಗೆ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಮಿತಿ ಇದೆ. ಕಿಲೋಗೆ ಮಿಲಿಗ್ರಾಂ ಲೆಕ್ಕದಲ್ಲಿ ಕ್ಯಾಡ್ಮಿಯಂ 5, ಆರ್ಸೆನಿಕ್ 10, ಕ್ರೋಮಿಯಂ 50, ನಿಕ್ಕಲ್ 50, ಸೀಸ 100. ಕೆರೆಗೋಡು ಮಾರಾಟದ ಗೊಬ್ಬರವಲ್ಲವಾದ್ದರಿಂದ ಕಾನೂನಿನಂತೆ ಇದು ಅನ್ವಯಿಸದು. ಆದರೂ ಚೀಲದ ಗೊಬ್ಬರಕ್ಕೆ ಇಷ್ಟು ಕಾಳಜಿ ಇರುವಾಗ ಎಕರೆಗೆ ಹತ್ತಾರು ಟ್ರ್ಯಾಕ್ಟರ್ ಹಾಕುವ ಗೋಡಿಗೆ ಕಾಳಜಿ ಬೇಡವೇ? ಕ್ರೋಮಿಯಂ, ನಿಕ್ಕಲ್ ವಿಷಯದಲ್ಲಿ ಮಾತ್ರ ನೆಲದ ಸಹಜ ಮಟ್ಟವನ್ನು ಗಮನದಲ್ಲಿಟ್ಟುಕೊಂಡೇ ಈ ಅಂಕಿಗಳನ್ನು ನೋಡಬೇಕು.

ವರದಿ ಚೆನ್ನಾಗಿ ಬಂದರೆ ಗೋಡನ್ನು ನಿಶ್ಚಿಂತೆಯಿಂದ ತೋಟಕ್ಕೆ ಹಾಕಬಹುದು. ಕೆರೆಯ ಒಂದು ಭಾಗದಲ್ಲಿ ಮಾತ್ರ ಲೋಹ ಹೆಚ್ಚಿದ್ದರೆ ಆ ಭಾಗದ ಗೋಡನ್ನು ಬೇರೆ ಇಡಬೇಕು. ಅದನ್ನು ಏರಿ ಬಲಪಡಿಸುವುದಕ್ಕೋ ರಸ್ತೆ ತುಂಬಿಸುವುದಕ್ಕೋ ಬಳಸುವ ಮುನ್ನವೂ ಮಳೆನೀರು ಅದನ್ನು ಮತ್ತೆ ಕೊಚ್ಚಿ ತರುವುದೇ ಎಂದು ತಜ್ಞರನ್ನು ಕೇಳಬೇಕು. ಲೋಹದ ಮೂಲ ಮುಚ್ಚದೆ ಹೂಳು ಮಾತ್ರ ತೆಗೆದರೆ ಕೆಲವೇ ವರ್ಷಗಳಲ್ಲಿ ಹೊಸ ಗೋಡಿನಲ್ಲಿಯೂ ಅದೇ ಲೋಹ ಸೇರುತ್ತದೆ. ಹಳ್ಳಕ್ಕೆ ತಡೆ, ಚರಂಡಿಗೆ ಬೇರೆ ದಾರಿ, ಹಳೆಯ ಬ್ಯಾಟರಿಗೆ ಸರಿಯಾದ ವಿಲೇವಾರಿ - ಇವು ಹೂಳೆತ್ತುವುದರ ಜೊತೆಯಲ್ಲಿಯೇ ಆಗಬೇಕು.

ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಸರಳ. ನೀರು ಮಾತ್ರ ಪರೀಕ್ಷಿಸಿದ್ದೀರಾ, ಗೋಡನ್ನೂ ಪರೀಕ್ಷಿಸಿದ್ದೀರಾ? ಎಷ್ಟು ಕಡೆಯಿಂದ ಮಾದರಿ ತೆಗೆದಿರಿ? ಯಾವ ಜಾಗದ ಮಣ್ಣಿನೊಂದಿಗೆ ಹೋಲಿಸಿದಿರಿ? ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ವರದಿಯಲ್ಲಿವೆಯೇ? ಈ ನಾಲ್ಕು ಪ್ರಶ್ನೆ ಕೇಳಲು ವಿಜ್ಞಾನದ ಪದವಿ ಬೇಕಿಲ್ಲ. ನಮ್ಮ ಕರಾವಳಿಯ ಮದಗ, ಕೆರೆ, ಹಿನ್ನೀರಿನ ದಂಡೆಗಳಲ್ಲಿ ಹೂಳೆತ್ತುವಾಗಲೂ ಇವನ್ನೇ ಕೇಳಬಹುದು. ನಮ್ಮ ಶಾಲೆಗಳ ವಿಜ್ಞಾನ ಸಂಘಗಳು, ಧರ್ಮಕೇಂದ್ರಗಳ ಪಾಲನಾ ಮಂಡಳಿಗಳು, ಯುವ ಸಂಘಟನೆಗಳು ತಮ್ಮ ಊರಿನ ಒಂದು ಕೆರೆಯನ್ನು ಆರಿಸಿಕೊಂಡು, ಅದಕ್ಕೆ ಸೇರುವ ಹಳ್ಳ ಚರಂಡಿಗಳ ನಕ್ಷೆ ಬರೆದು, ಬೇಸಿಗೆಗೆ ಮೊದಲೇ ಮಾದರಿ ಕಳುಹಿಸುವುದರಿಂದ ಈ ಕೆಲಸ ಆರಂಭಿಸಬಹುದು ಎಂದು ನಾವು ವಿನಂತಿಸುತ್ತೇವೆ.